ಷಡ್ಡಕನಿಗಿಂತ ಒಂದಿಂಚು ದೊಡ್ಡದು

ಮನೆಗೆ ಬಂದವರು ಮೇಜಿನ ಮೇಲಿನ ಮಾನಿಟರ್ ನೋಡಿ, “ಇಷ್ಟ ದೊಡ್ಡದ್ಯಾಕ್ರಿ ನಿಮಗ?” ಎಂದು ಕೇಳಿದರೆ, ಕಣ್ಣು ಮಂದವಾಗಿದೆ ಎಂದು ಹೇಳುತ್ತೇನೆ. ಕಣ್ಣಿನ ಡಾಕ್ಟರರ ಪ್ರಕಾರ ನನ್ನ ಕಣ್ಣಿಗೆ ಏನೂ ಆಗಿಲ್ಲ. ಆ ಮಾನಿಟರ್ ಇಪ್ಪತ್ತೆಂಟು ಇಂಚಿನದು. ನನ್ನ ಷಡ್ಡಕನ ಮನೆಯಲ್ಲಿರುವುದು ಇಪ್ಪತ್ತೇಳು. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದೆಲ್ಲ ತಿಳಿದುಹೋಗುತ್ತದೆ. ತಿಳಿಯದವರಿಗಾಗಿ ಬರೆಯುತ್ತಿದ್ದೇನೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಹೊಲ ಇಟ್ಟುಕೊಂಡಿದ್ದಾನೆ. ಎತ್ತರದ ಆಳು, ನಗುಮುಖ, ಯಾರನ್ನಾದರೂ ಒಂದು ಸಲ ಮಾತಾಡಿಸಿದರೆ ಅವರು ಅವನ ಕಡೆಯವರಾಗಿಬಿಡುತ್ತಾರೆ. ನಮ್ಮಿಬ್ಬರ ಅತ್ತೆಯ ಮನೆ ಸವದತ್ತಿ. ಅಲ್ಲಿಗೆ ಹೋಗುವಾಗ ನಾನು ನಮ್ಮೂರು ಬೈಲಹೊಂಗಲದ ಬೇಕರಿಯಿಂದ ಒಂದು ಪೊಟ್ಟಣ ಬಿಸ್ಕಿಟ್ ಒಯ್ಯುತ್ತೇನೆ. ಅವನು ಇಡೀ ಬೆಲ್ಲದ ಪೆಂಟೆಯನ್ನೇ ಹೆಗಲ ಮೇಲಿಟ್ಟುಕೊಂಡು ಬರುತ್ತಾನೆ. ಅವನು ಹೊಸ್ತಿಲು ದಾಟುವ ಮೊದಲೇ ಅತ್ತೆ, “ಸಣ್ಣ ಅಳಿಯಾ ಬಂದಾ, ಚಾ ಇಡ್ರವಾ,” ಎನ್ನುತ್ತಾಳೆ. ದೊಡ್ಡ ಅಳಿಯ ನಾನು. ನಾನು ಬಂದಾಗ ಚಹಾ ಆಗುವುದಿಲ್ಲವೆಂದಲ್ಲ, ಆಗುತ್ತದೆ. ಇಡಲು ಹೇಳುವ ದನಿ ಬೇರೆ.

ಅವನ ಬಳಿ ಇಲ್ಲದ್ದು, ನನ್ನ ಬಳಿ ಇದ್ದದ್ದು ಒಂದೇ: ಲಗ್ನಪತ್ರಿಕೆ.

ನನ್ನ ಅಜ್ಜ ಓಣಿಯವರ ಲಗ್ನಪತ್ರಿಕೆಗಳನ್ನು ಕೈಯಿಂದ ಬರೆದುಕೊಡುತ್ತಿದ್ದ. ಓದಲು ಬಾರದ ಅಜ್ಜಿ ಪಕ್ಕದಲ್ಲಿ ಕುಳಿತು, ಯಾವ ಮಾತು ಕಿವಿಗೆ ಮೆತ್ತಗಿದೆ, ಯಾವುದು ಚುಚ್ಚುತ್ತದೆ ಎಂದು ತೀರ್ಮಾನ ಕೊಡುತ್ತಿದ್ದಳು. “ಬರಬೇಕು ಅಂದ್ರ ಜಪ್ತಿಗೆ ಕರದಂಗ ಆಗತೈತಿ, ದಯಮಾಡಿಸಬೇಕು ಅಂತ ಬರಿ,” ಎಂದ ಅವಳ ಮಾತು ಇನ್ನೂ ಕಿವಿಯಲ್ಲಿದೆ. ಶಾಲೆಯೊಂದರಲ್ಲಿ ಗುಮಾಸ್ತನಾಗಿ ಬೆರಳು ಸವೆಸಿ, ಕೊನೆಗೆ ಮನೆಗೊಂದು ಕಂಪ್ಯೂಟರ್ ತಂದಾಗ, ಹೆಂಡತಿಯ ತವರಿನವರ ಪತ್ರಿಕೆಗಳೆಲ್ಲ ನನ್ನ ಪಾಲಿಗೆ ಬಂದವು.

ನಮ್ಮ ಬಳಗದಲ್ಲಿ ಒಂದು ಪದ್ಧತಿ ಬೆಳೆದಿದೆ. ಪತ್ರಿಕೆ ಪ್ರೆಸ್ಸಿಗೆ ಹೋಗುವ ಮೊದಲು ಹಿರಿಯರೆಲ್ಲ ತಮ್ಮ ಹೆಸರನ್ನು ತಮ್ಮ ಕಣ್ಣಿನಿಂದ ನೋಡಬೇಕು. ಹಾಳೆಯಲ್ಲಿ ತೆಗೆದು ತೋರಿಸಿದರೆ ನಡೆಯುವುದಿಲ್ಲ. ಹಾಳೆಯನ್ನು ಮೊದಲು ಯಾರ ಕೈಗೆ ಕೊಟ್ಟರು ಎಂಬುದೇ ಒಂದು ಜಗಳವಾಗುತ್ತದೆ. ಆದ್ದರಿಂದ ಎಲ್ಲರೂ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಜಮಖಾನೆ ಹಾಸಿ ಕುಳಿತು, ಒಟ್ಟಿಗೇ ಪರದೆ ನೋಡುತ್ತಾರೆ. ಮಾನಿಟರಿನ ನೆತ್ತಿಗೆ ಕುಂಕುಮ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ. ಕುರ್ಚಿಯ ಮೇಲೆ ಕುಳಿತಿರುವವನು ನಾನೊಬ್ಬನೇ. ಅಂದು ಮೊದಲ ಹೋಳಿಗೆ ನನಗೆ. ವರ್ಷಕ್ಕೊಂದೋ ಎರಡೋ ದಿನ ನಾನು ಆ ಮನೆತನದ ನಿಜವಾದ ಹಿರಿಯಳಿಯ. ಹದಿನೇಳು ಇಂಚಿನ ಹಳೆಯ ಮಾನಿಟರಿನಲ್ಲಿ ಮೇಲಿನಿಂದ ಕೆಳಗೆ ಒಂದು ಹಸಿರು ಗೆರೆ ಬಿದ್ದಿತ್ತು. ಗೆರೆಯಡಿ ಯಾರ ಹೆಸರೂ ಬಾರದಂತೆ ಪತ್ರಿಕೆಯನ್ನು ಸರಿಸಿ ತೋರಿಸುವುದನ್ನು ನಾನು ಕಲಿತುಕೊಂಡಿದ್ದೆ.

ಹೀಗಿರುವಾಗ ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಷಡ್ಡಕ ನಮ್ಮನ್ನೆಲ್ಲ ಹೊಲಕ್ಕೆ ಕರೆದ. ಉಂಡು ಅವನ ಮನೆಗೆ ಬಂದರೆ, ಪಡಸಾಲೆಯ ಮೇಜಿನ ಮೇಲೆ ಅದು ನಿಂತಿತ್ತು. ತೆಳ್ಳಗೆ, ಅಗಲವಾಗಿ, ಚೌಕಟ್ಟೇ ಇಲ್ಲವೇನೋ ಎಂಬಂತೆ ಅಂಚಿನ ತನಕ ಬರೀ ಬೆಳಕು. ಆಕಾಶದಿಂದ ತೆಗೆದ ತನ್ನ ಹೊಲದ ಚಿತ್ರವನ್ನು ಷಡ್ಡಕ ಅದರಲ್ಲಿ ತೋರಿಸುತ್ತಿದ್ದ. ಬಾವಿಯ ಕಟ್ಟೆ ಕೂಡ ಕಾಣುತ್ತಿತ್ತು. ಅತ್ತೆ ನೆಲದ ಮೇಲೆ ಕುಳಿತು, ಬಾಯಿ ತೆರೆದು ನೋಡುತ್ತಿದ್ದಳು.

“ಇದರಾಗ ನನ್ನ ಹೆಸರ ಬಂದ್ರ ಕನ್ನಡಕ ಇಲ್ಲದ ಓದತೇನಿ ನೋಡ,” ಎಂದಳು.

ಆಗ ನನ್ನ ಹೆಂಡತಿಯ ತಮ್ಮನ ಮಗಳಿಗೆ ಸುರೇಬಾನದ ಸಂಬಂಧ ಕುದುರಿತ್ತು. ಹೆಂಡತಿಯ ತಮ್ಮ ನನ್ನ ಮುಖವನ್ನೂ ನೋಡದೆ ಷಡ್ಡಕನಿಗೆ, “ಸಣ್ಣ ಮಾಮಾ, ಈ ಸಲ ಪತ್ರಿಕಿ ಇಲ್ಲೇ ನೋಡೂಣಲ್ಲ?” ಎಂದ.

“ಬರ್ರಿ, ಮನಿ ಯಾರದೈತಿ? ಅಣ್ಣಾರೂ ಬರಲಿ, ಟೈಪ್ ಮಾಡಲಿ,” ಎಂದ ಷಡ್ಡಕ. ಅಣ್ಣಾರು ಎಂದರೆ ನಾನು. ಅವನ ಮನೆಯಲ್ಲಿ, ಅವನ ಪರದೆಯ ಮುಂದೆ, ಬಾಡಿಗೆ ಟೈಪಿಸ್ಟನ ಹಾಗೆ ನಾನು!

ಎಲ್ಲರೂ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ನಾನು ಮೇಜಿನ ಬಳಿ ಹೋಗಿ ಗೇಣು ಹಾಕಿದೆ. ಎರಡೂವರೆ ಗೇಣು, ಮೇಲೊಂದು ಬೆರಳು. ಅಷ್ಟರಲ್ಲಿ ಹೆಂಡತಿಯ ತಂಗಿ ಒಳಗೆ ಬಂದಳು.

“ಮಾಮಾರ, ಏನ್ ಮಾಡಾಕತ್ತೀರಿ?”

“ಏನಿಲ್ಲವಾ, ಧೂಳ ಕುಂತಿತ್ತು.”

“ನಿನ್ನೇನ ಒರಸೇನ್ರಿ,” ಎಂದಳು. ಕಿತ್ತೂರಿನಲ್ಲಿ ಬಸ್ಸು ಬದಲಿಸುವ ತನಕ ನಾನು ಆ ಕೈಯನ್ನು ಮುಷ್ಟಿ ಬಿಚ್ಚದೆ ಇಟ್ಟುಕೊಂಡಿದ್ದೆ, ಅಳತೆ ಸೋರಿಹೋಗುತ್ತದೇನೋ ಎಂಬ ಹಾಗೆ.

ಮರುದಿನವೇ ಬೈಲಹೊಂಗಲದ ಕಂಪ್ಯೂಟರ್ ಅಂಗಡಿ ಹೊಕ್ಕೆ. ಅಂಗಡಿಯವನು ಸಮಾಧಾನಿ ಮನುಷ್ಯ. ಎಷ್ಟು ಇಂಚಿನದು ಬೇಕು ಎಂದು ಕೇಳಿದ. ನಾನು ಗೇಣು ಬಿಚ್ಚಿ ತೋರಿಸಿದೆ.

“ಸರ್, ಇದನ್ನ ಮೂಲಿಯಿಂದ ಮೂಲಿಗೆ ಅಳೀತಾರ್ರಿ, ಅರವಿ ಅಳದಂಗ ಅಲ್ಲ,” ಎಂದು ನಕ್ಕ. ಆಮೇಲೆ ಟೇಪು ತಂದು ನನ್ನ ಗೇಣಿನ ಲೆಕ್ಕ ಹಾಕಿ, “ನೀವು ನೋಡಿದ್ದು ಇಪ್ಪತ್ತೇಳು ಇರಬೇಕು,” ಎಂದ.

“ಅದಕ್ಕಿಂತ ದೊಡ್ಡದು ಏನೈತಿ?”

ಎರಡು ಮಾನಿಟರುಗಳನ್ನು ಹಚ್ಚಿ ತೋರಿಸಿದ. ಒಂದು ಇಪ್ಪತ್ತೇಳು, ಇನ್ನೊಂದು ಇಪ್ಪತ್ತೆಂಟು. “ಇಪ್ಪತ್ತೇಳರದು ಐಪಿಎಸ್ ಪ್ಯಾನೆಲ್ರಿ. ಮಗ್ಗಲಿಂದ ನೋಡ್ರಿ, ಮ್ಯಾಲಿಂದ ನೋಡ್ರಿ, ಕೆಳಗಿಂದ ನೋಡ್ರಿ, ಬಣ್ಣ ಇದ್ದಂಗ ಇರತಾವು. ಮನಿಗೆ ಇದಽ ಚಲೋ. ಈ ದೊಡ್ಡದು ಟಿಎನ್ ಪ್ಯಾನೆಲ್. ಆಟ ಆಡೋ ಹುಡುಗೂರಿಗೆ ಬೇಷ್, ಆದ್ರ ನೆಟ್ಟಗ ಎದುರಿಗೆ ಕುಂತು ನೋಡಬೇಕು.”

“ಮತ್ತ ನಾ ಏನ ಕಂಪ್ಯೂಟರಿನ ಬೆನ್ನಿಗೆ ಕುಂದರತೇನೇನು?” ಎಂದೆ.

ಅವನ ತಿರುಗುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ. ಎದುರಿನಿಂದ ಇಪ್ಪತ್ತೆಂಟು ಇಂಚು ಝಗಝಗ ಎನ್ನುತ್ತಿತ್ತು. ಸೂರ್ಯಕಾಂತಿ ಹೂವಿನ ಚಿತ್ರ ಹಾಕಿದ್ದ. ಒಂದೊಂದು ಬೀಜ ಎಣಿಸಬಹುದಿತ್ತು. ಆದರೂ ಪಾಪ, ಅವನು ಮತ್ತೆ, “ಒಂದ ಇಂಚಿಗೆ ಆಶಾ ಮಾಡಬ್ಯಾಡ್ರಿ ಸರ್,” ಎಂದ. ಆ ಒಂದು ಇಂಚಿಗಾಗಿಯೇ ನಾನು ಮನೆ ಬಿಟ್ಟು ಬಂದಿದ್ದೇನೆ ಎಂದು ಅವನಿಗೆ ಹೇಗೆ ಹೇಳಲಿ? ಡಬ್ಬಿಯನ್ನು ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ತಂದವನೇ ಸವದತ್ತಿಗೆ ಫೋನು ಮಾಡಿದೆ.

“ಪತ್ರಿಕಿ ನೋಡಾಕ ಎಲ್ಲಾರೂ ನಮ್ಮಲ್ಲೇ ಬರ್ರಿ. ನಾನೂ ಹೊಸಾದು ತಂದೇನಿ. ಇಪ್ಪತ್ತೆಂಟು.”

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಒಳಗಿನಿಂದ, “ಆ ಇಪ್ಪತ್ತೆಂಟೂ ಪತ್ರಿಕ್ಯಾಗ ಹಾಕಿಬಿಡ್ರಿ, ಮುಹೂರ್ತದ ಕೆಳಗ,” ಎಂದಳು.

ಪತ್ರಿಕೆಯನ್ನು ಎರಡು ದಿನ ಕುಳಿತು ಸಿದ್ಧಮಾಡಿದೆ. ಅರಿಸಿನದ ನೆಲ, ಕುಂಕುಮದ ಅಕ್ಷರ. ಅಜ್ಜಿ ಕೇಳಿದ್ದರೆ ತಲೆದೂಗುವಂಥ ಒಕ್ಕಣೆ. ಕೊನೆಗೆ ಹೆಸರುಗಳ ಪಟ್ಟಿ. ಪದ್ಧತಿಯಂತೆ ಅಳಿಯಂದಿರಿಬ್ಬರ ಹೆಸರು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರಬೇಕು. ಅಲ್ಲಿ ನಾನು ಮಾಡಬಾರದ್ದೊಂದು ಮಾಡಿದೆ. ನನ್ನ ಹೆಸರನ್ನು ಒಂಟಿಯಾಗಿ ಮೇಲೆ ಇಟ್ಟು, ಷಡ್ಡಕನ ಹೆಸರನ್ನು ಮೂರು ಸಾಲು ಕೆಳಗೆ, ದೂರದ ನೆಂಟರ ಗುಂಪಿನೊಳಗೆ ಇಳಿಸಿದೆ. ಅಕ್ಷರವನ್ನೂ ಒಂದು ಮಟ್ಟ ಸಣ್ಣದು ಮಾಡಿದೆ. ಕಾಣದಷ್ಟು ಸಣ್ಣದಲ್ಲ, ನೋಯುವಷ್ಟು ಸಣ್ಣದು. ಯಾರಾದರೂ ಕೇಳಿದರೆ ಜಾಗ ಸಾಲಲಿಲ್ಲ ಎಂದರಾಯಿತು ಎಂದುಕೊಂಡೆ.

ಆ ಭಾನುವಾರ ಮುಂಜಾನೆ ಸವದತ್ತಿಯವರು ಒಂದು ಕ್ರೂಸರ್ ತುಂಬ ಬಂದರು. ಜಮಖಾನೆ ಹಾಸಿದ್ದಾಯಿತು. ಅತ್ತೆ ಎಲ್ಲರಿಗಿಂತ ಮುಂದೆ, ಮೇಜಿನ ಕಾಲಬುಡದಲ್ಲೇ ಕುಳಿತಳು. ಹೊಸ ಮಾನಿಟರಿಗೆ ಕುಂಕುಮವಾಯಿತು, ಕಾಯಿ ಒಡೆದದ್ದೂ ಆಯಿತು. ನಾನು ಕುರ್ಚಿಯಲ್ಲಿ ಕುಳಿತು, ಗಂಟಲು ಸರಿಮಾಡಿಕೊಂಡು, ಪತ್ರಿಕೆ ತೆರೆದೆ. “ಅಬ್ಬಬ್ಬಾ” ಎನ್ನುತ್ತಾರೆಂದು ಕಾದೆ. ಯಾರೂ ಎನ್ನಲಿಲ್ಲ.

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. “ಅಳಿಯಂದ್ರ, ಇದ್ಯಾಕ ಕರೀ ಅಕ್ಷರದಾಗ ಬರದೀರಿ?”

“ಕರೀ ಎಲ್ಲೈತ್ರಿ ಅತ್ತಿ? ಕುಂಕುಮದ ಬಣ್ಣ ಐತಿ.”

“ನನಗೇನ ಕಣ್ಣ ಹೋಗಿಲ್ಲ. ಕರೀನಽ ಐತಿ. ನೆಲಾನೂ ಬೂದಿ ಆಗೇತಿ. ಇದು ಮದುವಿ ಪತ್ರಿಕಿನೋ, ಶಿವಗಣಾರಾಧನಿ ಪತ್ರಿಕಿನೋ?”

ನಮ್ಮಲ್ಲಿ ಕಪ್ಪು ಅಕ್ಷರದ ಪತ್ರಿಕೆ ಮನೆಯಿಂದ ಹೊರಡುವುದು ಯಾರಾದರೂ ತೀರಿಕೊಂಡಾಗ ಮಾತ್ರ. “ಕರೀನಽ ಐತ್ರಿ,” ಎಂದು ಜಮಖಾನೆಯವರೆಲ್ಲ ಒಂದೇ ದನಿಯಲ್ಲಿ ಹೇಳಿದರು. “ಕೆಂಪೈತಿ,” ಎಂದು ಕುರ್ಚಿಯಿಂದ ನಾನೊಬ್ಬನೇ ಹೇಳಿದೆ. ಹುಡುಗಿಯ ತಂದೆ, ಅಂದರೆ ನನ್ನ ಹೆಂಡತಿಯ ತಮ್ಮ, ಎದ್ದು ನಿಂತ.

“ದೊಡ್ಡ ಮಾಮಾ, ಇದು ಅಪಶಕುನ ಆತು. ಸಣ್ಣ ಮಾಮಾನ ಮನೀಗೇ ಹೋಗೂಣು ಅಂತ ನಾ ಮೊದಲಽ ಅಂದಿದ್ದೆ. ಗಾಡಿ ಐತಿ, ಈಗಽ ನಡೀರಿ.”

ಇಂದು ಇವರು ಎದ್ದು ಹೋದರೆ ಇನ್ನೆಂದೂ ಈ ಜಮಖಾನೆ ಹಾಸುವುದಿಲ್ಲ ಎಂದು ಗೊತ್ತಿತ್ತು.

ಅದೇ ಹೊತ್ತಿಗೆ ಷಡ್ಡಕ ಬೆಲ್ಲದ ಪೆಂಟೆ ಹೊತ್ತು ಬಾಗಿಲಿಗೆ ಬಂದ. ನಿಂತಲ್ಲಿಂದಲೇ ಪರದೆ ನೋಡಿ, “ಏನ್ ಛಂದ ಕೆಂಪ ಐತಿ, ಅಣ್ಣಾರ!” ಎಂದ. ಬೆಲ್ಲ ಇಳಿಸಿ, ಅತ್ತೆಯ ಪಕ್ಕ ಜಮಖಾನೆಯ ಮೇಲೆ ಕುಳಿತ. “ಅರೆ! ಕರೀ ಆತು.” ಎದ್ದು ನಿಂತ: “ಕೆಂಪು.” ಕುಳಿತ: “ಕರೀ.” ಮತ್ತೆ ಎದ್ದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

ನನಗೆ ಆಗ ತಿಳಿಯಿತು. ಅಂಗಡಿಯಲ್ಲಿ ನಾನು ಕುರ್ಚಿಯಲ್ಲಿ ಕುಳಿತು ನೋಡಿದ್ದೆ. ನೆಲದ ಮೇಲೆ ಕುಳಿತು ನೋಡಿರಲಿಲ್ಲ. ಇಡೀ ಮನೆತನ ನೆಲದ ಮೇಲೆ ಕುಳಿತು ನೋಡುವ ವಸ್ತುವನ್ನು ನಾನು ಕುರ್ಚಿಯಿಂದ ಆರಿಸಿ ತಂದಿದ್ದೆ.

ಷಡ್ಡಕನಿಗೂ ತಿಳಿಯಿತು. ಅವನು ಬಾಯಿಬಿಟ್ಟು ಒಂದು ಮಾತು ಅಂದಿದ್ದರೆ ಸಾಕಿತ್ತು, ಎಲ್ಲರೂ ಕ್ರೂಸರ್ ಹತ್ತುತ್ತಿದ್ದರು. ಆದರೆ ಅವನು, “ಅಕ್ಷರದ್ದೇನೂ ತಪ್ಪಿಲ್ಲ, ಅತ್ತಿ. ಇದು ಕೆಳಗ ಬಗ್ಗಿ ನಿಮ್ಮ ಮಾರಿ ನೋಡವಲ್ದು, ಅಷ್ಟಽ,” ಎಂದು ಅಡುಗೆಮನೆಗೆ ಹೋಗಿ ಚಪಾತಿ ಮಣೆ ತಂದ. ಅದನ್ನು ಮಾನಿಟರಿನ ಸ್ಟ್ಯಾಂಡಿನ ಹಿಂಭಾಗಕ್ಕೆ ಕೊಟ್ಟು ಎತ್ತರಿಸಿದ. ಪರದೆ ಮುಂದಕ್ಕೆ ಬಗ್ಗಿತು. ಬಗ್ಗಿದ್ದು ಇನ್ನೇನು ಅತ್ತೆಯ ತೊಡೆಯ ಮೇಲೆ ಬೀಳುತ್ತದೆ ಎನ್ನುವಾಗ ಮೇಜಿನ ಹಿಂದೆ ನಿಂತು ಎರಡೂ ಕೈಯಿಂದ ಹಿಡಿದುಕೊಂಡ.

“ಹಾಂ! ಈಗ ಕೆಂಪಾತು!” ಎಂದಳು ಅತ್ತೆ. ಬೂದಿ ಅರಿಸಿನವಾಯಿತು. ಹೆಂಡತಿಯ ತಮ್ಮ ಮೆಲ್ಲಗೆ ಕುಳಿತುಕೊಂಡ. ಪರದೆ ನನ್ನಿಂದ ಮುಖ ತಿರುಗಿಸಿದಂತೆ ಬಗ್ಗಿದ್ದರಿಂದ ನಾನೂ ಕುರ್ಚಿ ಬಿಟ್ಟು, ಮೌಸ್ ಹಿಡಿದು, ಜಮಖಾನೆಗೆ ಇಳಿದೆ.

ಒಕ್ಕಣೆ ಮುಗಿಯಿತು, ಮುಹೂರ್ತ ಮುಗಿಯಿತು, ಪಟ್ಟಿ ಬಂತು. ಅತ್ತೆ ಬೆರಳಿಟ್ಟು ಒಂದೊಂದೇ ಹೆಸರು ಓದಿದಳು. ನನ್ನ ಹೆಸರಿನ ಬಳಿ ಬೆರಳು ನಿಂತಿತು.

“ಸಣ್ಣ ಅಳಿಯಾಂದು ಎಲ್ಲೈತಿ?”

ಪರದೆಯ ಹಿಂದಿನಿಂದ ಅವನ ದನಿ ಬಂತು. ಪಾಪ, ಅವನಿಗೆ ಅಲ್ಲಿಂದ ಬರೀ ತಂತಿ ಕಾಣುತ್ತಿತ್ತು. “ಇರತೈತಿ ಬಿಡ್ರಿ ಅತ್ತಿ. ಅಣ್ಣಾರು ಬರದಾರಂದ್ರ ಎಲ್ಲಿರಬೇಕೋ ಅಲ್ಲೇ ಬರದಿರತಾರ. ಲಗೂ ನೋಡ್ರಿ, ತೋಳ ಸೋಲಾಕತ್ತಾವು.”

ಮೂರು ಸಾಲು ಕೆಳಗಿದ್ದ ಆ ಸಣ್ಣ ಅಕ್ಷರಗಳನ್ನು ಅಷ್ಟು ಜನರ ಕಣ್ಣೆದುರೇ ಕತ್ತರಿಸಿ ಎತ್ತಿ, ನನ್ನ ಹೆಸರಿನ ಪಕ್ಕ ತಂದಿಟ್ಟು, ಅಳತೆ ಸರಿಮಾಡಿದೆ. “ಜಾರಿ ಕೆಳಗ ಹೋಗಿತ್ತು,” ಎಂದೆ. ಇಪ್ಪತ್ತೆಂಟು ಇಂಚಿನಲ್ಲಿ ಹೆಸರು ಮೇಲೇರಿದ್ದು ಎಲ್ಲರಿಗೂ ಬಹಳ ಸ್ಪಷ್ಟವಾಗಿ ಕಂಡಿತು, ಅವನೊಬ್ಬನನ್ನು ಬಿಟ್ಟು. ನನ್ನ ಹೆಂಡತಿ ಕೆಮ್ಮುತ್ತ ಒಳಗೆ ಹೋದಳು.

ಆಮೇಲೆ ಅವನು ತೋಳು ತಿಕ್ಕಿಕೊಳ್ಳುತ್ತ ಮುಂದೆ ಬಂದು, ತನ್ನ ಹೆಸರು ನೋಡಿ, “ನಿಮ್ಮಷ್ಟಽ ದೊಡ್ಡ ಅಕ್ಷರ ಯಾಕ ಹಾಕಾಕ ಹೋದ್ರಿ ಅಣ್ಣಾರ, ನಾ ಸಣ್ಣಾವಲ್ಲ?” ಎಂದ. ಅವನು ನಿಜವಾಗಿಯೇ ಸಂತೋಷಪಟ್ಟಿದ್ದ. ಆ ಸಂತೋಷದ ಮೇಲೂ ನನಗೆ ಹೊಟ್ಟೆ ಉರಿಯಿತು. ಅಷ್ಟು ಸುಲಭವಾಗಿ ಸಂತೋಷಪಡುವುದು ನನಗೆ ಎಂದೂ ಬಂದಿಲ್ಲ.

ಊಟಕ್ಕೆ ಕುಳಿತಾಗ ಅತ್ತೆ ಮೊದಲ ಹೋಳಿಗೆ ಅವನ ತಾಟಿಗೆ ಹಾಕಿದಳು. “ತಾಸಗಟ್ಟಲೆ ಹಿಡಕೊಂಡು ನಿಂತಾನ, ನನ್ನ ಮಗ,” ಎಂದಳು. ತಾಸೆಲ್ಲಿ ಬಂತು, ಕಾಲು ತಾಸೂ ಆಗಿರಲಿಲ್ಲ. ನಂತರ ನನ್ನ ಕಡೆ ತಿರುಗಿ ತೀರ್ಪು ಕೊಟ್ಟಳು: “ಮುಂದಿನ ಪತ್ರಿಕಿನೂ ಇಲ್ಲೇ ನೋಡೂಣು. ಸಣ್ಣ ಅಳಿಯಾ ಹಿಡಿಯಾಕ ಬರಲಿ.”

ಜಮಖಾನೆ ನನ್ನ ಮನೆಯಲ್ಲಿ ಉಳಿಯಿತು. ಹೋಳಿಗೆ ಉಳಿಯಲಿಲ್ಲ.

ಮರುದಿನ ಅಂಗಡಿಯವನ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವನು ನಗಲಿಲ್ಲ, ಅದಕ್ಕೆ ಅವನಿಗೆ ಪುಣ್ಯ ಬರಲಿ. ಗೋಡೆಗೆ ಬಡಿದು ಬೇಕಾದಷ್ಟು ಕೆಳಗೆ ಬಗ್ಗಿಸಬಹುದಾದ ಕಬ್ಬಿಣದ ತೋಳು ಬರುತ್ತದೆ ಎಂದ. ಯಾರೂ ಹಿಂದೆ ನಿಂತು ಹಿಡಿಯಬೇಕಾಗಿಲ್ಲ. ಕೂಡಲೇ ತಂದೆ. ಮುಂದಿನ ಪತ್ರಿಕೆಯ ದಿನ ಷಡ್ಡಕ ಬಂದು ಕೈ ಚಾಚುವಷ್ಟರಲ್ಲಿ, “ಬ್ಯಾಡ, ನೀವ ಕುಂದರ್ರಿ,” ಎನ್ನಬೇಕೆಂದು ಮನಸ್ಸಿನಲ್ಲಿ ಹಲವು ಸಲ ಅಂದು ನೋಡಿದ್ದೇನೆ.

ಆ ತೋಳು ಇನ್ನೂ ಡಬ್ಬಿಯಲ್ಲೇ ಇದೆ. ಗೋಡೆಗೆ ತೂತು ಹಾಕಲು ಡ್ರಿಲ್ ಮಶೀನು ಬೇಕು. ನಮ್ಮ ಬಳಗದಲ್ಲಿ ಅದು ಇರುವುದು ಒಬ್ಬನ ಮನೆಯಲ್ಲಿ ಮಾತ್ರ. ನಿನ್ನೆ ಹೆಂಡತಿ ನನ್ನನ್ನು ಕೇಳದೆ ಅವನಿಗೆ ಫೋನು ಮಾಡಿದಳು. ಭಾನುವಾರ ಬರುತ್ತಾನಂತೆ, ಬೆಲ್ಲದ ಜೊತೆಗೆ.