ಆಯಿ ಬೆಂಚಿಗೇರಿದ ಸಂಜೆ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಮುದ್ದೇಬಿಹಾಳದ ನಮ್ಮ ಹಂಚಿನ ಚರ್ಚಿಗೆ ಬರುತ್ತಿದ್ದದ್ದು ಬೆರಳೆಣಿಕೆಯ ಮನೆಗಳು. ಎಲ್ಲರೂ ಒಬ್ಬರಿಗೊಬ್ಬರು ಕಾಕಾ, ಅತ್ತಿ, ಆಯಿ. ಶುಭ ಶುಕ್ರವಾರದ ಹಿಂದಿನ ಸಂಜೆ ಸಭೆಯ ಹಿರಿಯರಾದ ಸಮುವೇಲಪ್ಪ ಕಾಕಾ ಕೆಲವರನ್ನು ಬೆಂಚಿನ ಮೇಲೆ ಕೂರಿಸಿ ಕಾಲು ತೊಳೆಯುತ್ತಿದ್ದರು, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ. ಬೆಂಚಿಗೇರುವವರು ಮನೆಯಲ್ಲೇ ಗಸಗಸ ತಿಕ್ಕಿಕೊಂಡು, ಉಗುರು ಕತ್ತರಿಸಿಕೊಂಡು, ಸೋಪಿನ ವಾಸನೆ ಬೀರುತ್ತ ಬರುತ್ತಿದ್ದರು. ತೊಳೆದ ಕಾಲನ್ನೇ ತೊಳೆಯುವ ಆ ನಾಟಕ ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಅವ್ವನ ಅವ್ವ, ಆಯಿ, ಕೂಲಿಗೆ ಹೋಗುತ್ತಿದ್ದಳು. ಚರ್ಚಿನ ಕಸವನ್ನೂ ಅವಳೇ ಹೊಡೆಯುತ್ತಿದ್ದಳು. ಒಂದು ವರ್ಷ ಪಾದ್ರಿಯವರು ಬೆಂಚಿಗೇರುವವರಲ್ಲಿ ಮೊದಲ ಸಲ ಅವಳ ಹೆಸರು ಕೂಗಿದರು. ವಾರವಿಡೀ ಅವಳ ಮುಖದಲ್ಲಿ ಮದುವಣಗಿತ್ತಿಯ ಕಳೆ. ಆ ಸಂಜೆ ಹೊಲದಲ್ಲಿ ಹತ್ತಿಕಟ್ಟಿಗೆ ಕಿತ್ತು ಬಂದವಳು ಸೀರೆ ಬದಲಿಸಿದಳು, ಕಾಲು ತೊಳೆಯಲಿಲ್ಲ.

"ಆಯಿ, ಕಾಲಾಗ ಎರಿಮಣ್ಣು ಐತಿ," ಅಂದೆ.

"ತೊಳ್ಯಾಕ ಅವರು ಅದಾರಲ್ಲ. ನಾನ ತೊಳಕೊಂಡು ಹೋದ್ರ ಅವರೇನು ತೊಳೀಬೇಕು?"

ಚರ್ಚಿನಲ್ಲಿ ಸಮುವೇಲಪ್ಪ ಕಾಕಾ ಅವಳ ಎದುರು ಬಂದರು. ಒಡೆದ ಹಿಮ್ಮಡಿ, ಬೆರಳ ಸಂದಿಯ ಕಪ್ಪು ಮಣ್ಣು ನೋಡಿದರು. ಬಾಗಲಿಲ್ಲ. ನಿಂತಲ್ಲಿಂದಲೇ ಎರಡು ಹನಿ ಚಿಮುಕಿಸಿ, "ಸಾಕು, ಏಳಬೇ," ಎಂದು ಪಕ್ಕದವರ ಮುಂದೆ ಮಂಡಿಯೂರಿದರು. ಆಯಿ ಚಾಚಿದ ಕಾಲು ಚಾಚಿಕೊಂಡೇ ಕೂತಿದ್ದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ತೊಳೆಯುವುದೆಲ್ಲ ಮುಗಿದು ಕಾಕಾ ಕುರ್ಚಿಯಲ್ಲಿ ಕೂತರು. ಆಯಿ ಎದ್ದು ಹೋಗಿ ನೀರಿನ ಬೋಗಾಣಿ ಎಳೆದುಕೊಂಡು ಅವರ ಮುಂದೆ ಕುಳಿತಳು. "ನಿಮ್ಮ ಕಾಲು ಯಾರೂ ತೊಳೀಲಿಲ್ಲಲ್ರಿ. ತರ್ರಿ ಇಲ್ಲೆ."

ಅವರು ನಾಚಿಕೊಂಡಾರು ಎಂದುಕೊಂಡೆ. ಆ ಮನುಷ್ಯ ಆರಾಮಾಗಿ ಎರಡೂ ಕಾಲು ಚಾಚಿದ. ಆಯಿ ತೊಳೆದು ಸೆರಗಿನಿಂದ ಒರೆಸಿದಳು. "ತಗ್ಗಿ ನಡೆಯುವುದೆಂದರೆ ಇದು, ನೋಡಿ ಕಲಿಯಿರಿ," ಎಂದರು ಪಾದ್ರಿಯವರು. ಜನ ತಲೆದೂಗಿದರು. ಮಣ್ಣು ಮೆತ್ತಿದ ಅವಳ ಕಾಲನ್ನು ಒಬ್ಬರೂ ನೋಡಲಿಲ್ಲ.

ಬೇವಿನ ಹೂವು ಉದುರಿದ ದಾರಿಯಲ್ಲಿ ಅಳುತ್ತ ಜಗಳಕ್ಕೆ ನಿಂತೆ. "ಅವಂದ್ಯಾಕ ತೊಳದಿ?"

"ಎಲ್ಲಾರ್ನೂ ಪ್ರೀತಿ ಮಾಡ್ರಿ ಅಂತ ಯೇಸಪ್ಪ ಹೇಳ್ಯಾನಲ್ಲವ್ವ."

"ನಿನ್ನ ಯಾರು ಮಾಡ್ತಾರ?"

ಆಯಿ ಒದ್ದೆ ಸೆರಗು ಹಿಂಡಿಕೊಂಡು ಬಿರಬಿರನೆ ನಡೆದಳು.

ಈಗ ಅಲ್ಲಿ ದೊಡ್ಡ ಚರ್ಚಿದೆ, ಫ್ಯಾನುಗಳಿವೆ. ಆಯಿ ಇಲ್ಲ. ನಮ್ರತೆಯ ಉಪದೇಶ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಅದು ಯಾವಾಗಲೂ ಕೆಳಗೆ ಕೂತವರಿಗೇ ಹೇಳುವ ಮಾತು. ಆ ಸಂಜೆಯವರೆಗೆ, ಪ್ರಾರ್ಥನೆ ಉದ್ದವಾದರೆ, ಪಕ್ಕದಲ್ಲಿ ಯಾರಿದ್ದರೂ ಸರಿ, ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದೆ. ಎಲ್ಲರೂ ನನ್ನವರೆಂದು ನಂಬಿದ್ದೆ. ಆಮೇಲೆ ಆ ಚರ್ಚಿನಲ್ಲಿ ನನಗೆ ನಿದ್ದೆ ಬರಲಿಲ್ಲ.