ಕಲ್ಲಿನಲ್ಲಿ ‘ಮಗಳ್’ ಎಂದೇ ಇತ್ತು

ಕಂಡ ಅಕ್ಷರವನ್ನು ಕಾಣಲಿಲ್ಲ ಎಂದವಳು ನಾನು. ನನ್ನ ಡಾಕ್ಟರೇಟು, ಅಧ್ಯಾಪಕಿಯ ಕೆಲಸ — ಎಲ್ಲ ಆ ಒಂದು ಸುಳ್ಳಿನ ಮೇಲೆ ನಿಂತಿವೆ.

ಚಾಮರಾಜನಗರದಲ್ಲಿ ಎಂ.ಎ. ಓದುವಾಗ ನಾನು, ಮಾದೇವಿ ಇಬ್ಬರೂ ಹಳಗನ್ನಡ ಶಾಸನಗಳ ಬೆನ್ನು ಬಿದ್ದಿದ್ದೆವು. ನಾನು ಹರದನಹಳ್ಳಿಯವಳು, ಅವಳು ಹಂಗಳದವಳು. ಸಂಶೋಧನೆಯ ಮೊದಲ ಪಾಠಗಳು ಅವು — ಕಲ್ಲು ತೊಳೆಯುವುದು, ಒದ್ದೆ ಕಾಗದ ಹಚ್ಚಿ ಮಸಿಯಿಂದ ಅಚ್ಚು ತೆಗೆಯುವುದು, ಹಿಂದಿನವರ ಓದನ್ನು ಕಲ್ಲಿನೊಡನೆ ಹೋಲಿಸುವುದು. ಹಾಗೇ ಅವಳೂರಿನ ಹೊಲದ ಬದುವಿನಲ್ಲಿದ್ದ ವೀರಗಲ್ಲಿನ ಮುಂದೆ ಕೂತೆವು. ದನಗಳ್ಳರೊಡನೆ ಕಾದು ಮಡಿದವನು ಗೌಡನ ‘ಮಗನ್’ ಎಂದೇ ಎಲ್ಲರೂ ಓದಿದ್ದರು. ಕೊನೆಯ ಅಕ್ಷರದ ಮೇಲೆ ಬೆರಳಾಡಿಸಿದ ಮಾದೇವಿ ಕೂಗಿಬಿಟ್ಟಳು:

“ಮಗನ್ ಅಲ್ಲ ಕಣಮ್ಮಿ, ಮಗಳ್! ಸತ್ತೋಳು ಎಣ್ಮಗಳು!”

ನಾನೂ ಕಂಡೆ. ಸಂದೇಹಕ್ಕೆ ಎಡೆಯೇ ಇರಲಿಲ್ಲ.

ಮುಂದಿನ ವಾರ ಅವಳು ತರಗತಿಯಲ್ಲಿ ಇದನ್ನೇ ಮಂಡಿಸಿದಳು. ನಾವು ತೆಗೆದ ಅಚ್ಚು ಆ ಕೊನೆಯ ಅಕ್ಷರದಲ್ಲೇ ಮಸಕಾಗಿತ್ತು. ಮೇಷ್ಟ್ರು ನನ್ನತ್ತ ತಿರುಗಿದರು. “ಕಲ್ಲನ್ನ ನೀನೂ ನೋಡಿದ್ದೀಯಲ್ಲ, ಏನಿದೆ?”

ಅವರ ಕೈಕೆಳಗೆ ಸಂಶೋಧನೆಗೆ ಆ ವರ್ಷ ಒಬ್ಬರಿಗಷ್ಟೇ ಜಾಗ. ಅದು ನನಗೆ ಬೇಕಿತ್ತು.

“ಮಗನ್ ಅಂತಲೇ ಇದೆ ಸರ್.”

“ನಿನ್ನ ಆಸೇನ ಕಲ್ಲಿನ ಮೇಲೆ ಕೆತ್ತಬಾರದಮ್ಮ” ಎಂದರು ಅವಳಿಗೆ. ಹುಡುಗರು ನಕ್ಕರು. ಮಾದೇವಿ ಅಳಲಿಲ್ಲ — ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸಂಶೋಧನೆಯ ಮಾತನ್ನೇ ಎತ್ತಲಿಲ್ಲ.

ಮೇಷ್ಟ್ರು ತೀರಿಕೊಂಡ ಮೇಲೆ ನಾನು ಮತ್ತೆ ಆ ಕಲ್ಲಿಗೆ ಹೋದೆ. ಒಳ್ಳೆಯ ಅಚ್ಚು ತೆಗೆದು, ‘ಮಗಳ್’ ಎಂಬ ಓದನ್ನು ನನ್ನದೆಂದು ಪ್ರಕಟಿಸಿದೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ‘ಕಂಡದ್ದನ್ನಷ್ಟೇ ಬರೆಯಿರಿ’ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ — ಯಾವ ಬಾಯಲ್ಲಿ!

ಕಳೆದ ತಿಂಗಳು ಗುಂಡ್ಲುಪೇಟೆಯಲ್ಲಿ ಅವಳ ಬಟ್ಟೆ ಅಂಗಡಿ ಹುಡುಕಿಕೊಂಡು ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಅಥವಾ ‘ನಂಗೊತ್ತಿತ್ತು’ ಎನ್ನುತ್ತಾಳೆ... ಅವಳು ಕತ್ತರಿ ಕೆಳಗಿಟ್ಟಳು.

“ಅಂಗಾರೆ ನಂಗೆ ಸರ್ಯಾಗೇ ಕಂಡಿತ್ತಾ?”

ಹೌದೆಂದು ತಲೆಯಾಡಿಸಿದೆ.

“ನೀನು ಇಲ್ಲ ಅಂದ್ಮೇಲೆ ನನ್ ಕಣ್ಣನ್ನೇ ನಂಬೋದು ಬುಟ್ಬುಟ್ಟೆ ಕಣಮ್ಮಿ.”

ಇಷ್ಟು ವರ್ಷ ನಾನು ಕದ್ದದ್ದು ಒಂದು ಓದನ್ನು ಮಾತ್ರ ಎಂದುಕೊಂಡಿದ್ದೆ. ಒಮ್ಮೆ ಕಲ್ಲು ನೋಡಿ ಬರೋಣ ಬಾ ಎಂದೆ. “ಈಗ್ಯಾಕೆ?” ಎಂದವಳು ಗಿರಾಕಿಯ ಕಡೆ ತಿರುಗಿದಳು.

ನನ್ನ ಲೇಖನ ಬಂದಿದ್ದ ಪತ್ರಿಕೆಗೆ ಬರೆದು ಕಳಿಸಿದ್ದೇನೆ: ಓದು ಮಾದೇವಿಯದು, ಸುಳ್ಳು ನನ್ನದು. ಅಚ್ಚು ಮಾಡುತ್ತಾರೋ ಇಲ್ಲವೋ. ನಾಳೆ ತರಗತಿಯಲ್ಲಿ, ವಿದ್ಯಾರ್ಥಿಗಳೆದುರು ನಿಂತು ಹೇಳುವುದಂತೂ ಇದೆ.