ಹರಿಯದೆ ನಿಂತ ಬಾಗಿನ

ರಾಜಧಾನಿಯಲ್ಲಿ ಫೋನ್ ಕದ್ದು ಕೇಳುವ ಹಗರಣ ಎದ್ದಾಗ ನಾರಾಯಣಪುರ ಅಣೆಕಟ್ಟೆಯ ನಮ್ಮ ಕ್ವಾರ್ಟರ್ಸಿನಲ್ಲಿ ಫೋನ್ ಇದ್ದದ್ದು ಎಂಜಿನಿಯರ್ ಸಾಹೇಬರ ಬಂಗಲೆಯಲ್ಲಿ ಮಾತ್ರ. ಆದರೂ ಉಳಿದವರೆಲ್ಲ ದನಿ ತಗ್ಗಿಸಿ ಮಾತಾಡತೊಡಗಿದರು. ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಟೀವಿ ಮುಂದೆ ಚಪ್ಪಲಿ ಬಿಟ್ಟು, ಕೈಮುಗಿದು ಪುರಾಣದ ಧಾರಾವಾಹಿ ನೋಡಿದವರೇ ಸುದ್ದಿ ಶುರುವಾದೊಡನೆ ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ನನ್ನ ಅಪ್ಪ ಸಾಹೇಬರ ಆಫೀಸಿನಲ್ಲಿ ಗುಮಾಸ್ತ. ಮಂತ್ರಿಗಳ ಹಗರಣ ಬಯಲಿಗೆಳೆಯುವ ವಾರಪತ್ರಿಕೆಯೊಂದನ್ನು ದಿನಪತ್ರಿಕೆಯೊಳಗೆ ಮಡಚಿಟ್ಟು ಓದುತ್ತಿದ್ದ. ಎದುರು ಮನೆಯವರೂ ಹಾಗೇ ಓದುತ್ತಾರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಗೋಡೆಗೆ ಅಂಟಿದ ಮನೆ ವೈರ್‌ಲೆಸ್ ಆಪರೇಟರ್ ಚಾಚಾ ಅವರದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಗೇಟಿನಿಂದ ಎಷ್ಟು ನೀರು ಬಿಟ್ಟರು ಎಂದು ಬೇರೆ ಕ್ಯಾಂಪುಗಳಿಗೆ ತಿಳಿಸುವುದು, ಅವರು ಹೇಳಿದ್ದನ್ನು ಸಾಹೇಬರಿಗೆ ಮುಟ್ಟಿಸುವುದು ಅವರ ಕೆಲಸ. ಶಹಾಪುರದ ಆಪರೇಟರ್ ಜೊತೆ ತಮ್ಮ ಮನೆಯ ಮಾತಾದ ದಖನಿ ಉರ್ದುವಿನಲ್ಲೇ ಮಾತಾಡುತ್ತಿದ್ದರು. ಅವರ ಮಗಳೂ ನಾನೂ ಹತ್ತನೇ ಕ್ಲಾಸಿನಲ್ಲಿದ್ದೆವು. ಅವರ ಮನೆತನದಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಅವಳು. ನಲ್ಲಿಯ ಹತ್ತಿರ ಚಾಚಿ ಇದನ್ನು ದಿನವೂ ಯಾರಿಗಾದರೂ ಹೇಳದೆ ಕೊಡ ಎತ್ತುತ್ತಿರಲಿಲ್ಲ.

ಹೀಗಿರುವಾಗ ಶಹಾಪುರದ ಕಡೆ ಕಾಲುವೆಯ ತುದಿಗೆ ನೀರು ಬಿಡುವ ಸಮಾರಂಭ ಬಂತು. ಮಂತ್ರಿಗಳು ಬರುವವರಿದ್ದರು. ಜನ ಸೇರಲೆಂದು ಸಿನಿಮಾ ನಟಿಯೊಬ್ಬಳನ್ನೂ ಕರೆಸಿದ್ದರು. ನೀರನ್ನು ಮೊದಲೇ ಬಿಟ್ಟಿದ್ದರು, ನಿಜ. ಆದರೆ ಸರದಿಯಲ್ಲದ ನೀರು ಬಂದದ್ದು ಕಂಡರೆ ಸುರಪುರದ ಕಡೆಯ ಮೇಲಿನ ಹೊಲದವರು ಸುಮ್ಮನಿರುತ್ತಾರೆಯೇ? ತಮ್ಮ ತಮ್ಮ ಹೊಲಕ್ಕೆ ತಿರುಗಿಸಿಕೊಂಡರು. ತುದಿಗೆ ನೀರು ಮುಟ್ಟಿಲ್ಲವೆಂದು ಶಹಾಪುರದಿಂದ ವೈರ್‌ಲೆಸ್ ಬಂತು. ಗುತ್ತಿಗೆದಾರ ವೇದಿಕೆಯ ಮುಂದೆ ಕಾಲುವೆಗೆ ಎರಡು ಕಡೆ ಮಣ್ಣಿನ ಒಡ್ಡು ಹಾಕಿಸಿ ನಡುವೆ ಟ್ಯಾಂಕರ್ ನೀರು ತುಂಬಿಸಿದ. ಒಡ್ಡು ಮರೆಯಾಗಲೆಂದು ಬಾಳೆಗಿಡ ನಿಲ್ಲಿಸಿದ. ಪತ್ರಿಕೆಯವರನ್ನು ನೀರು ಮಾತ್ರ ಕಾಣುವ ಆಚೆ ದಂಡೆಯ ಮೇಲೆ ಕೂರಿಸಿದರು.

ಇಷ್ಟೆಲ್ಲ ಯೋಚಿಸಿದ ಗಂಡಸರು ಬಾಗಿನವನ್ನೇ ಮರೆತಿದ್ದರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಖಣ ಇಟ್ಟು ಹೊಸ ನೀರಿಗೆ ಅರ್ಪಿಸುತ್ತೇವಲ್ಲ, ಅದು ತೇಲಿಕೊಂಡು ಹೋಗಬೇಕು. ಅವರ ಲೆಕ್ಕದಲ್ಲಿ ನೀರು ಕಂಡರೆ ಸಾಕಿತ್ತು. ನಟಿ ನಗುತ್ತ ಬಾಗಿನ ಬಿಟ್ಟಳು. ಅದು ಸುತ್ತು ತಿರುಗಿ ಅಲ್ಲೇ ನಿಂತಿತು. ಆಕೆ ಕೈಯಿಂದ ನೀರು ತಳ್ಳಿದಳು. ಮೆಲ್ಲಗೆ ಸರಿದು ಬಾಳೆಗಿಡದ ಹಿಂದಿನ ಒಡ್ಡಿಗೆ ಆತು ನಿಂತಿತು. ಹೆಂಗಸರ ಗುಂಪಿನಲ್ಲಿ ಅವ್ವ, ಚಾಚಿ, ಹುಡುಗಿಯರಾದ ನಾವಿಬ್ಬರೂ ಇದ್ದೆವು. "ಗಂಗಮ್ಮ ಒಲ್ಲೆ ಅಂದ್ಳು ನೋಡ್ರಿ" ಎಂದು ಹಿಂದಿನಿಂದ ಒಬ್ಬಾಕೆ ಅಂದಳು. ನಾವು ಸೆರಗು, ಓಢಣಿ ಬಾಯಿಗೆ ಒತ್ತಿಕೊಂಡು ನಕ್ಕೆವು.

ಕೆಲವು ವಾರಗಳಲ್ಲೇ ಆ ವಾರಪತ್ರಿಕೆಯಲ್ಲಿ ಫೋಟೊ ಬಂತು. ಮಂತ್ರಿ, ನಟಿ, ಒಡ್ಡಿಗೆ ಅಂಟಿದ ಬಾಗಿನ. ಟ್ಯಾಂಕರ್ ವಿಷಯ ಹೊರಗೆ ಹಾಕಿದವರು ಯಾರು ಎಂದು ಸಾಹೇಬರು ಕೆಂಡಾಮಂಡಲವಾದರು. ಅಷ್ಟು ಜನ ಕಣ್ಣಾರೆ ಕಂಡದ್ದಕ್ಕೂ ಚಾಡಿ ಹೇಳಿದವನೊಬ್ಬ ಬೇಕಿತ್ತು.

ಕ್ಲಬ್ಬಿನಲ್ಲಿ ಒಬ್ಬರು ಅಂದರಂತೆ, "ದಿನಾ ಕಿವಿಗಿ ಹಚ್ಕೊಂಡು ಕುಂದ್ರಾಂವ ಯಾರು? ಅವನಿಗಿ ಗೊತ್ತಿಲ್ದಿದ್ದು ಏನದ?" ಇನ್ನೊಬ್ಬರು, "ಅವ್ರ ಭಾಷಾದಾಗ ಏನ್ ಮಾತಾಡ್ಕೋತಾರೋ, ನಮಗೇನ್ ತಿಳೀತದ" ಅಂದರಂತೆ. ಸಂತೆಯಲ್ಲಿ ಚೌಕಾಸಿಗೆ ನಿಂತರೆ ಅದೇ ಭಾಷೆಯನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವ ಮಹಾಶಯರು ಇವರು. ರಾಜಧಾನಿಯ ಹಗರಣ ನಮ್ಮ ಓಣಿಗೆ ಬಂದಿಳಿದದ್ದು ಹೀಗೆ.

ಫೋಟೊ ತೆಗೆದದ್ದು ಆಚೆ ದಂಡೆಯಿಂದಲ್ಲ, ವೇದಿಕೆಯ ಮೇಲಿಂದ. ವೇದಿಕೆಯ ಮೇಲೆ ಕ್ಯಾಮೆರಾ ಇದ್ದದ್ದು ಸಾಹೇಬರ ಹೆಂಡತಿಯ ಕೈಯಲ್ಲಿ ಮಾತ್ರ. ನಟಿಯನ್ನು ಅಷ್ಟು ಹತ್ತಿರದಿಂದ ಕಂಡೆನೆಂದು ತೋರಿಸಲು ಆಕೆ ಅದರ ಪ್ರಿಂಟು ಹಾಕಿಸಿ ಬಂಧುಬಳಗಕ್ಕೆಲ್ಲ ಹಂಚಿದ್ದರು. ನಮ್ಮ ಮನೆಗೂ ತಂದು ತೋರಿಸಿದ್ದರು. ಅದು ಯಾರ ಕೈ ದಾಟಿ ಪತ್ರಿಕೆ ಸೇರಿತೋ ತಿಳಿಯದು, ಆದರೆ ಅದೇ ಫೋಟೊ ಎಂದು ಓಣಿಯ ಪ್ರತಿ ಹೆಂಗಸೂ ನೋಡಿದೊಡನೆ ಗುರುತಿಸಿದ್ದಳು.

"ಅವ್ವಾ, ಅಪ್ಪಗ ಹೇಳು. ಸಾಹೇಬ್ರಿಗಿ ತಿಳಸ್ಲಿ" ಎಂದೆ.

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಹೇಳಿದವ್ರ ಗಂಟುಮೂಟಿ ನಾಳಿ ಲಾರಿ ಏರ್ತದ. ಸುಮ್ಕ ಓದ್ಕೋ."

ಹೈಸ್ಕೂಲಿಲ್ಲದ ದೂರದ ಕ್ಯಾಂಪಿಗೆ ಚಾಚಾ ಅವರಿಗೆ ವರ್ಗವಾಯಿತು. ಪರೀಕ್ಷೆ ಹತ್ತಿರವಿತ್ತು. ಅಂದು ಸಂಜೆ ಚಾಚಿ ನಮ್ಮ ಮನೆಗೆ ಬಂದರು. ಎಂದೂ ಒಳಗೇ ಬಂದು ಕೂರುವವರು ಹೊಸ್ತಿಲ ಹೊರಗೆ ನಿಂತರು.

"ಅಕ್ಕಾರ, ಪರೀಕ್ಷಾ ಮುಗಿಯೋತನಕ ಮಗಳಿಗಿ ನಿಮ್ಮ ಮನ್ಯಾಗ ಇಟ್ಕೋತೀರೇನ್ರಿ?"

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಪತ್ರಿಕೆಯ ಹಿಂದಿನಿಂದ, "ಸಾಹೇಬ್ರಿಗಿ ತಿಳಿದ್ರ ನಮ್ಮ ಮ್ಯಾಲೂ ಡೌಟ್ ಬರ್ತದ" ಎಂದ. ಅವ್ವ ಒಲೆಯ ಮುಂದೆ ಹೋಗಿ ಕೂತಳು. ಅಂದಿನಿಂದ ನನಗೆ ಮಾತಾಡುವವರಿಗಿಂತ ಸುಮ್ಮನಿರುವವರ ಮೇಲೆಯೇ ಅನುಮಾನ ಹೆಚ್ಚು.

ಲಾರಿ ಬಂದ ದಿನ ಅವ್ವ ರೊಟ್ಟಿಬುತ್ತಿ ಕಟ್ಟಿಕೊಂಡು ಹೋದಳು. ಚಾಚಿ ಬೇಡವೆನ್ನದೆ ತೆಗೆದುಕೊಂಡರು. ಅವ್ವನ ಕೈ ಹಿಡಿದು ಮೆಲ್ಲಗೆ ಅಂದರು, "ಫೋಟೋ ಯಾರ್ದಂತ ನಿಮಗೂ ಗೊತ್ತದ, ನಮಗೂ ಗೊತ್ತದ. ನಿಮಗೂ ಹತ್ತನೇ ಕ್ಲಾಸ್ ಓದಾ ಮಗಳಿದ್ದಾಳ. ಆಕಿ ಪಾಸಾಗ್ಲಿ, ಅಕ್ಕಾರ."

ಪರೀಕ್ಷೆಯ ಮೊದಲ ದಿನ ನನ್ನ ಪಕ್ಕದ ಬೆಂಚಿನ ಮೇಲೆ ಅವಳ ನಂಬರನ್ನು ಸೀಮೆಸುಣ್ಣದಿಂದ ಬರೆದಿದ್ದರು. ಕೊನೆಯ ದಿನದವರೆಗೂ ಅಲ್ಲಿ ಯಾರೂ ಬಂದು ಕೂರಲಿಲ್ಲ.